ಅಪ್ಪ ಮಲಗಿಸಿಟ್ಟ ಸುಳಿ

ನನ್ನ ಅಪ್ಪ ತನ್ನ ತಲೆಯನ್ನು ಚಿಕ್ಕಪ್ಪನಿಗೆ ಬಿಟ್ಟು ಬೇರೆ ಯಾರ ಕೈಗೂ ಕೊಟ್ಟವನಲ್ಲ. ಚಿಕ್ಕಪ್ಪನೂ ಅಷ್ಟೇ. ಇಬ್ಬರೂ ಕ್ಷೌರದವರು. ಒಂದೇ ಅಂಗಡಿ, ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದೇ ಕನ್ನಡಿ. ರಜೆಯ ದಿನ ಬೆಳಿಗ್ಗೆ ಬಾಗಿಲನ್ನು ಅರ್ಧ ಎಳೆದುಕೊಂಡು ಮೊದಲು ಅಪ್ಪ ಚಿಕ್ಕಪ್ಪನ ತಲೆ ನೋಡುತ್ತಿದ್ದ, ಆಮೇಲೆ ಚಿಕ್ಕಪ್ಪ ಅಪ್ಪನದು. ಪ್ರತಿ ವಾರ ಕತ್ತರಿಸುವಷ್ಟು ಕೂದಲು ಇಬ್ಬರಿಗೂ ಬೆಳೆಯುತ್ತಿರಲಿಲ್ಲ. ಕಿವಿಯ ಮೇಲೆ ಒಂದಿಷ್ಟು, ಹೆಡಕಿನ ಹತ್ತಿರ ಒಂದಿಷ್ಟು, ಉಳಿದದ್ದು ಮಾತು. “ಇವರಿಗೆ ಕೂದಲು ಬರೀ ನೆಪ. ತಲೆ ತಿನ್ನೋಕೆ ಒಬ್ಬರಿಗೊಬ್ಬರು ಬೇಕು” ಎಂದು ಅಮ್ಮ ಹೇಳುತ್ತಿದ್ದಳು.

ಅಂಗಡಿ ಇರುವುದು ಬಸ್ಸು ತಿರುಗುವ ಮೂಲೆಯಲ್ಲಿ, ಆಸ್ಪತ್ರೆಯ ಗೇಟಿನ ಎದುರು. ಗಿರಾಕಿಗಳು ಅಪ್ಪನನ್ನು ದೊಡ್ಡವರು ಎನ್ನುತ್ತಾರೆ, ಚಿಕ್ಕಪ್ಪನನ್ನು ಚಿಕ್ಕವರು ಎನ್ನುತ್ತಾರೆ. ಹೊಸಬರು ಬಂದರೆ ಇಬ್ಬರ ಮುಖವನ್ನೂ ನೋಡಿ, “ಅಣ್ಣ ತಮ್ಮ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ” ಎನ್ನುವುದಿತ್ತು. ಆಗ ಅಪ್ಪ ಕತ್ತರಿ ನಿಲ್ಲಿಸಿ, ಕನ್ನಡಿಯಲ್ಲಿ ಚಿಕ್ಕಪ್ಪನ ಕಡೆ ಒಂದು ಸಾರಿ ನೋಡಿ, ಮತ್ತೆ ಕೆಲಸಕ್ಕೆ ಇಳಿಯುತ್ತಿದ್ದ. ಆ ಗಿರಾಕಿಗೆ ಆವತ್ತು ತಲೆ ಮಾಲೀಸು ಬಿಟ್ಟಿ.

ನಿಜ ಹೇಳಬೇಕೆಂದರೆ ಅವರು ಒಡಹುಟ್ಟಿದವರಲ್ಲ. ನನ್ನ ತಾತ ಆಗ ಎದುರಿನ ಆಸ್ಪತ್ರೆಗೆ ಹೋಗಿ ಆಪರೇಷನ್‌ಗೆ ಮುಂಚೆ ರೋಗಿಗಳ ಕೂದಲು ತೆಗೆದು ಬರುತ್ತಿದ್ದರು. ಒಂದು ಸಲ ಯಾವುದೋ ದೂರದ ಊರಿನ ಹೆಂಗಸು ಸಣ್ಣ ಮಗುವಿನ ಜೊತೆ ಬಂದು ಸೇರಿ, ಅಲ್ಲೇ ತೀರಿಕೊಂಡಳು. ಗಂಡ ರಸ್ತೆ ಹಾಕುವ ಕೆಲಸದವನು. ಅವಳು ಕೊಟ್ಟ ವಿಳಾಸದಲ್ಲಿ ರಸ್ತೆ ಮಾತ್ರ ಇತ್ತು, ಕೆಲಸದವರು ಮುಂದಕ್ಕೆ ಹೋಗಿಬಿಟ್ಟಿದ್ದರು. ಮಗು ವಾರ್ಡಿನ ಬಾಗಿಲಲ್ಲಿ ಕೂತು ಬಂದವರ ಸೆರಗು ಹಿಡಿಯುತ್ತಿತ್ತು. ತಾತ ಅದನ್ನು ಎತ್ತಿಕೊಂಡು ಮನೆಗೆ ಬಂದು ಅಜ್ಜಿಗೆ, “ಅವರ ಕಡೆಯವರು ಬರೋವರೆಗೆ” ಎಂದರಂತೆ. ಯಾರೂ ಬರಲಿಲ್ಲ. ಅಪ್ಪ ಆಗ ಇನ್ನೂ ಹಟ ಮಾಡಿ ಊಟ ಮಾಡುವ ವಯಸ್ಸಿನವನು. ತನ್ನ ತಟ್ಟೆಯನ್ನು ಆ ಮಗುವಿನ ಮುಂದೆ ತಳ್ಳಿ, “ಇವನು ತಿಂದರೆ ನಾನು ತಿಂತೀನಿ” ಎಂದನಂತೆ. ಈ ಕತೆಯನ್ನು ಅಪ್ಪ ಹೇಳಿದಷ್ಟು ಸಲ ಬೇರೆ ಯಾರೂ ಹೇಳಿಲ್ಲ. ಹೇಳುವಾಗ ತಟ್ಟೆ ದೊಡ್ಡದಾಗುತ್ತಾ ಹೋಗುತ್ತದೆ.

ಎಲ್ಲ ಶುರುವಾದದ್ದು ಡಾಕ್ಟರ ಒಂದು ಪ್ರಶ್ನೆಯಿಂದ. ಚಿಕ್ಕಪ್ಪನಿಗೆ ತಲೆ ಸುತ್ತು ಬರುತ್ತದೆಂದು ನಾನೇ ಎದುರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. “ನಿಮ್ಮ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ?” ಎಂದು ಡಾಕ್ಟರು ಕೇಳಿದರು.

“ಇದೆ ಸಾರ್, ನಮ್ಮಣ್ಣನಿಗೆ” ಎಂದ ಚಿಕ್ಕಪ್ಪ. ಅವರು ಹಾಗೆಯೇ ಬರೆದುಕೊಂಡರು.

ಹೊರಗೆ ಬಂದ ಮೇಲೆ ನಾನು ಹೇಳಿದೆ: “ಚಿಕ್ಕಪ್ಪ, ಅಪ್ಪನ ಸಕ್ಕರೆ ನಿನಗೆ ಬರೋದಿಲ್ಲ. ಅವರು ಕೇಳಿದ್ದು ರಕ್ತಸಂಬಂಧ.”

ಅವನು ಗೇಟಿನ ಹತ್ತಿರ ನಿಂತುಬಿಟ್ಟ. ಅಂಗಡಿಯೊಳಗೆ ಅಪ್ಪ ಯಾರದೋ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದದ್ದು ಅಲ್ಲಿಂದಲೇ ಕಾಣುತ್ತಿತ್ತು. “ಹೌದಲ್ವಾ” ಎಂದ. ರಸ್ತೆ ದಾಟುವಾಗ, “ಹಾಗಾದ್ರೆ ನನಗೆ ಯಾರದು ಬರುತ್ತೆ?” ಎಂದು ಕೇಳಿದ.

ಕಳೆದುಹೋದ ಸಂಬಂಧಿಕರನ್ನು ಹುಡುಕಿಕೊಡುವ ಒಂದು ಜಾಲತಾಣದ ವಿಷಯ ನನ್ನ ಆಫೀಸಿನಲ್ಲಿ ಯಾರೋ ಹೇಳಿದ್ದರು. ಅಲ್ಲಿ ಜನ ತಮ್ಮ ತಮ್ಮ ವಂಶವೃಕ್ಷ ಬರೆದಿಡುತ್ತಾರೆ. ಒಂದು ಸಣ್ಣ ಕೊಳವೆಯಲ್ಲಿ ಎಂಜಲು ತುಂಬಿ ಕಳಿಸಿದರೆ, ಅದನ್ನು ಪರೀಕ್ಷೆ ಮಾಡಿ ಯಾರ ರಕ್ತ ಯಾರದಕ್ಕೆ ಹೊಂದುತ್ತದೆ ಎಂದು ತಿಳಿಸುತ್ತಾರೆ. ಕೊಳವೆ ಬಂದ ದಿನ ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ.

“ಎಂಜಲು ನೋಡಿ ಅಣ್ಣ ಯಾರು ತಮ್ಮ ಯಾರು ಅಂತ ಹೇಳ್ತಾರಾ?”

“ಹೌದಪ್ಪ.”

“ನಾವಿಬ್ಬರೂ ಒಂದೇ ಲೋಟದಲ್ಲಿ ಕುಡಿದು ಬೆಳೆದವರು. ಅವನ ಎಂಜಲಲ್ಲಿ ಅರ್ಧ ನಂದೇ ಇರುತ್ತೆ. ಕೊನೆಗೆ ನನ್ನ ಹೆಸರೇ ಬರುತ್ತೆ, ನೋಡ್ತಾ ಇರು.”

ಬರಲಿಲ್ಲ. ಕೆಲವು ತಿಂಗಳಾದ ಮೇಲೆ ಬಂದದ್ದು ಒಬ್ಬ ಹುಡುಗಿಯ ಹೆಸರು. ಹತ್ತಿರದ ಸಂಬಂಧ, ಪ್ರಾಯಶಃ ಚಿಕ್ಕಪ್ಪ ಅಥವಾ ಸೋದರಮಾವ, ಎಂದಷ್ಟೇ ಬರೆದಿತ್ತು. ಆ ಹುಡುಗಿ ಹಾಕಿದ್ದ ವಂಶವೃಕ್ಷದಲ್ಲಿ ಅವಳ ಅಪ್ಪನ ಪಕ್ಕ ಒಂದು ಖಾಲಿ ಚೌಕ. ಅದರೊಳಗೆ “ಅಪ್ಪನ ತಮ್ಮ, ಹುಡುಕುತ್ತಿದ್ದೇವೆ” ಎಂದಿತ್ತು. ನಾನು ಅವಳಿಗೆ ಬರೆದೆ, ಅವಳು ಫೋನು ಮಾಡಿದಳು. ಅವಳ ಅಪ್ಪ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡವರು, ನಮ್ಮಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅವರಮ್ಮ ಆಸ್ಪತ್ರೆಗೆ ಹೋದಾಗ ಅವರನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದರಂತೆ. ಸುದ್ದಿ ಮುಟ್ಟಿ ಅವರಪ್ಪ ಆಸ್ಪತ್ರೆಗೆ ಬರುವಷ್ಟರಲ್ಲಿ ಮಗುವನ್ನು ಯಾರೋ ಕರೆದುಕೊಂಡು ಹೋದರು ಎಂಬುದು ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ಎದುರಿನ ಅಂಗಡಿಯಲ್ಲಿ ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮೊದಲ ಸಲ ಆ ಹುಡುಗಿಯ ಅಪ್ಪ ಚಿಕ್ಕಪ್ಪನ ಜೊತೆ ಮಾತಾಡಿದ್ದು ಅಂಗಡಿಯಲ್ಲಿ ಕೆಲಸ ನಡೆಯುತ್ತಿದ್ದಾಗ. ಫೋನಿನಲ್ಲಿ ಮುಖ ಕಂಡಿತು. ಚಿಕ್ಕಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದ. ಆಮೇಲೆ, “ಅಣ್ಣಾ” ಎಂದ.

“ಏನೋ?” ಎಂದ ಅಪ್ಪ, ಅಭ್ಯಾಸಬಲದಿಂದ.

ಅಪ್ಪನ ಕುರ್ಚಿಯಲ್ಲಿ ಮುಖದ ತುಂಬಾ ನೊರೆ ಹಚ್ಚಿಸಿಕೊಂಡು ಕೂತಿದ್ದ ನಿವೃತ್ತ ಮೇಷ್ಟ್ರು ಹುಳ್ಳಗೆ ನಕ್ಕರು. “ದೊಡ್ಡವರೇ, ಅವರು ಕರೆದದ್ದು ನಿಮ್ಮನ್ನಲ್ಲ. ನಿಮ್ಮ ಕುರ್ಚಿಗೆ ಬೇರೆಯವರು ಬಂದ ಹಾಗಿದೆ.”

“ಮಾತಾಡಬೇಡಿ ಮೇಷ್ಟ್ರೇ. ಕತ್ತಿ ಗಂಟಲ ಹತ್ರ ಇದೆ.”

ಅಪ್ಪ ಹೊಟ್ಟೆಕಿಚ್ಚಿನ ಮನುಷ್ಯನಲ್ಲ. ರಸ್ತೆಯಾಚೆ ಗಾಜಿನ ಬಾಗಿಲಿನ ಹೊಸ ಅಂಗಡಿ ಬಂದು ಹುಡುಗರೆಲ್ಲ ಅಲ್ಲಿಗೆ ಹೋದಾಗಲೂ, “ಊರಲ್ಲಿ ತಲೆಗೇನು ಬರವಾ?” ಎಂದು ಸುಮ್ಮನಿದ್ದವನು. ಅಂಥವನು ಈಗ ಫೋನು ಬಂದರೆ ರೇಡಿಯೋ ಜೋರು ಮಾಡುತ್ತಿದ್ದ. ಚಿಕ್ಕಪ್ಪ ಮಾತಾಡಲು ಹೊರಗೆ ಹೋದರೆ, ಎರಡು ನಿಮಿಷಕ್ಕೆ, “ಇಲ್ಲಿ ಗಿರಾಕಿ ಕಾಯ್ತಾ ಇದಾರೆ ಕಣೋ” ಎಂದು ಕೂಗುತ್ತಿದ್ದ. ಬೆಂಚಿನ ಮೇಲೆ ಯಾರೂ ಇರುತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಚಿಕ್ಕಪ್ಪ, “ನಮ್ಮಣ್ಣನೂ ಹೀಗೇ ಮೊಸರಿಗೆ ಉಪ್ಪು ಹಾಕಲ್ವಂತೆ” ಎಂದ ದಿನ, ಅಪ್ಪ ಅರ್ಧಕ್ಕೆ ಎದ್ದು ಕೈ ತೊಳೆದ.

“ಅವನ ಅಣ್ಣ ಸಿಕ್ಕಿದ್ದಕ್ಕೆ ನಿಮಗ್ಯಾಕ್ರೀ ಹೊಟ್ಟೆ ಉರಿ?” ಎಂದು ಅಮ್ಮ ಕೇಳಿದಳು.

“ನನಗ್ಯಾಕೆ ಉರಿ? ಇಷ್ಟು ವರ್ಷ ಎಲ್ಲಿದ್ದ ಆ ಅಣ್ಣ? ಇವನಿಗೆ ಜ್ವರ ಬಂದಾಗ ಎಲ್ಲಿದ್ದ? ನಾನು ಕೇಳಿದ್ದು ಅಷ್ಟೇ.”

“ಕೇಳಿದ್ದು ಅಷ್ಟೇ. ಅದನ್ನೇ ದಿನಾ ಕೇಳ್ತಿದೀರಿ.”

ಒಂದು ಸಂಜೆ ನನ್ನನ್ನು ಕರೆದು, “ಆ ಮರ ತೋರಿಸು” ಎಂದ. ಫೋನಿನಲ್ಲಿ ತೆರೆದು ಕೊಟ್ಟೆ. ಖಾಲಿ ಇದ್ದ ಚೌಕದಲ್ಲಿ ಈಗ ಚಿಕ್ಕಪ್ಪನ ಹೆಸರಿತ್ತು, ಫೋಟೋ ಇನ್ನೂ ಇರಲಿಲ್ಲ. ಅಪ್ಪ ಒದ್ದೆ ಬೆರಳಲ್ಲಿ ಮೇಲೆ ಕೆಳಗೆ ಎಳೆದು ಎಳೆದು ನೋಡಿದ.

“ಇದರಲ್ಲಿ ನಾನೆಲ್ಲಿದೀನಿ?”

“ಇದು ಅವರ ವಂಶದ ಮರ ಅಪ್ಪ. ನಾವ್ಯಾರೂ ಇದರಲ್ಲಿ ಬರೋದಿಲ್ಲ.”

“ಈ ನಾಯಿ?”

“ಅದು ಅವರ ಮಗಳ ನಾಯಿ. ಅವಳ ಫೋಟೋದಲ್ಲಿ ಜೊತೆಗೆ ನಿಂತಿದೆ.”

“ನಾಯಿ ಬಂದಿದೆ” ಎಂದು ಹೇಳಿ ಫೋನು ವಾಪಸ್ಸು ಕೊಟ್ಟ.

ಚಿಕ್ಕಪ್ಪ ಅಣ್ಣನ ಮನೆಗೆ ಹೋಗಿ ಒಂದು ವಾರ ಇದ್ದು ಬಂದ. ಅದರ ನಡುವೆ ಒಂದು ರಜೆಯ ದಿನವೂ ಬಂತು. ಅಪ್ಪ ಆವತ್ತೂ ಬಾಗಿಲನ್ನು ಅರ್ಧ ಎಳೆದುಕೊಂಡು ಅಂಗಡಿಯಲ್ಲಿ ಕೂತಿದ್ದ. ಕತ್ತರಿಗಳಿಗೆ ಎಣ್ಣೆ ಬಿಟ್ಟನಂತೆ.

ಚಿಕ್ಕಪ್ಪ ಬಸ್ಸಿಳಿದು ನೇರ ಅಂಗಡಿಗೆ ಬಂದ. ಹೊಸ ಅಂಗಿ, ಕೈಯಲ್ಲಿ ನಮಗೆಲ್ಲ ತಂದ ಚೀಲ. ಮೇಜಿನ ಮೇಲೆ ಇಡಲು ಅವನು ಬೆನ್ನು ತಿರುಗಿಸಿದ. ಅಪ್ಪ ಗಿರಾಕಿಯ ಕಿವಿ ಹಿಡಿದುಕೊಂಡೇ ಕೇಳಿದ:

“ಯಾರು ಕೈ ಹಾಕಿದ್ದು?”

ಚಿಕ್ಕಪ್ಪ ಹೆಡಕು ಮುಟ್ಟಿಕೊಂಡ. “ಅದು... ಹೊರಡೋ ದಿನ ಮನೆಯವರೆಲ್ಲ ಸೇರಿ ಫೋಟೋ ತೆಗೆಸಬೇಕಿತ್ತಣ್ಣ, ಆ ಮರಕ್ಕೆ ಹಾಕೋಕೆ. ಅಣ್ಣ ತಾನು ಹೋಗೋ ಅಂಗಡಿಗೆ ಕರ್ಕೊಂಡು ಹೋದ. ಪಕ್ಕದ ಕುರ್ಚಿಯಲ್ಲಿ ನನ್ನನ್ನೂ ಕೂರಿಸಿಬಿಟ್ಟ. ಬೇಡ ಅನ್ನೋಕಾಗಲಿಲ್ಲ.”

“ಮಷೀನಲ್ಲಿ ಹೊಡೆದಿದ್ದಾನೆ. ಹೆಡಕಿನಲ್ಲಿ ಗೆರೆ ನೋಡು, ಗೋಡೆಗೆ ಬಣ್ಣ ಬಳಿದ ಹಾಗೆ.”

“ಕೆಟ್ಟದಾಗಿದೆಯಾ?”

“ನನ್ನನ್ಯಾಕೆ ಕೇಳ್ತೀಯ? ಬೇಡ ಅನ್ನೋಕಾಗದವರನ್ನ ಕೇಳು.”

ಅಲ್ಲಿ ಎಣ್ಣೆ ಹಚ್ಚಿ ಬಾಚಿ ಕಳಿಸಿದ್ದರು. ಮರುದಿನ ತಲೆ ತೊಳೆದ ಮೇಲೆ ಹಿಂದಲೆಯ ಎಡಗಡೆ ಒಂದು ಗೊಂಚಲು ಕೂದಲು ಎದ್ದು ನಿಂತುಕೊಂಡಿತು. ಎಷ್ಟು ನೀರು ಹಚ್ಚಿದರೂ ಮಲಗದು. ಚಿಕ್ಕಪ್ಪನ ತಲೆಯಲ್ಲಿ ಎರಡು ಸುಳಿಗಳಿವೆ. ಒಂದು ಎಲ್ಲರಿಗೂ ಇರುವ ಜಾಗದಲ್ಲಿ, ಇನ್ನೊಂದು ಅದರ ಕೆಳಗೆ, ತಿರುಗುಮುರುಗಾಗಿ. ಆ ಎರಡನೆಯದರ ಮೇಲೆ ಕೂದಲನ್ನು ಸ್ವಲ್ಪ ಉದ್ದ ಬಿಟ್ಟು, ಸುತ್ತಲಿನದನ್ನು ಹಂತಹಂತವಾಗಿ ಇಳಿಸಿ, ಹೆಬ್ಬೆರಳಲ್ಲಿ ಒತ್ತಿ ಹಿಡಿದು ಕತ್ತರಿಸಿದರೆ ಮಾತ್ರ ಅದು ಸುಮ್ಮನಿರುತ್ತದೆ. ತಾತ ಅದನ್ನು ಅಪ್ಪನಿಗೆ ಕಲಿಸಿದ್ದರು. ಅಪ್ಪ ಅದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದನೆಂದರೆ, ಅಂಥದೊಂದು ಸುಳಿ ಇದೆಯೆಂಬುದೇ ನಮಗೆಲ್ಲ ಮರೆತುಹೋಗಿತ್ತು.

“ಎರಡು ಸುಳಿ ಇದ್ದವನಿಗೆ ಎರಡು ಮದುವೆ ಅಂತಾರೆ. ಚಿಕ್ಕವರಿಗೆ ಒಂದೂ ಆಗಲಿಲ್ಲ” ಎಂದರು ಮೇಷ್ಟ್ರು.

“ಮದುವೆ ಆಗಲಿಲ್ಲ, ಮನೆ ಎರಡಾಯ್ತಲ್ಲ” ಎಂದ ಅಪ್ಪ.

ಅಪ್ಪ ಹಲವು ದಿನ ಆ ತಲೆ ಮುಟ್ಟಲಿಲ್ಲ. ರಜೆಯ ದಿನ ತನಗೆ ಮೈ ಹುಷಾರಿಲ್ಲ ಎಂದ. ಕೊನೆಗೆ ಸೋತದ್ದು ಅವನೇ. ಹಿಂದೆ ಜುಟ್ಟು ನಿಂತ ಕ್ಷೌರದವನ ಹತ್ತಿರ ಯಾರು ತಲೆ ಕೊಡುತ್ತಾರೆ ಎಂದು ಗೊಣಗುತ್ತಾ ಚಿಕ್ಕಪ್ಪನನ್ನು ಕೂರಿಸಿ, ಬಟ್ಟೆ ಹೊದಿಸಿ, ಬೇರೆಯವನ ಕೆಲಸವನ್ನು ಒಂದೊಂದೇ ಎಳೆಯಾಗಿ ಅಳಿಸಿಹಾಕಿದ. ಮುಗಿದಾಗ ಸುಳಿ ಇದ್ದ ಗುರುತೂ ಇರಲಿಲ್ಲ.

ಕತ್ತರಿ ಆಡುತ್ತಿದ್ದಾಗಲೇ ಚಿಕ್ಕಪ್ಪ ವಿಷಯ ತೆಗೆದ. ಅವನ ಅಣ್ಣನ ಮನೆಯ ಮೇಲೆ ಒಂದು ಕೋಣೆ ಖಾಲಿ ಇದೆ. ಮೋಟಾರು ಅಂಗಡಿಯ ಪಕ್ಕದಲ್ಲಿ ಕುರ್ಚಿ ಹಾಕುವಷ್ಟು ಜಾಗವೂ ಇದೆ. ಇನ್ನು ಮುಂದಾದರೂ ಜೊತೆಗಿರೋಣ ಬಾ ಎಂದಿದ್ದಾರೆ.

“ನೀನೇನಂದೆ?”

“ಅಣ್ಣನ್ನ ಕೇಳಿ ಹೇಳ್ತೀನಿ ಅಂದೆ.”

“ಯಾವ ಅಣ್ಣನ್ನ?”

ಚಿಕ್ಕಪ್ಪ ಕನ್ನಡಿಯಲ್ಲಿ ಅಪ್ಪನನ್ನೇ ನೋಡುತ್ತಾ ಕೂತ. ಅಪ್ಪ ಅವನ ಕತ್ತನ್ನು ಬಗ್ಗಿಸಿದ.

ಆಮೇಲೆ ಆ ಅಣ್ಣನೇ ಬಂದರು. ಮಾತಾಡಿಸಿ ಪರಿಚಯ ಮಾಡಿಕೊಟ್ಟವಳು ನಾನಾದ್ದರಿಂದ ಆವತ್ತು ನಾನೂ ಅಂಗಡಿಯಲ್ಲಿದ್ದೆ. ಎತ್ತರದ ಮನುಷ್ಯ, ಉಗುರಿನ ಸಂದಿಯಲ್ಲಿ ಮೋಟಾರಿನ ಮಸಿ, ನಿಧಾನದ ಮಾತು. ಚಿಕ್ಕಪ್ಪ ಸಡಗರದಿಂದ ಅಂಗಡಿ ತೋರಿಸುತ್ತಾ ಮುಂದೆ ನಡೆದರೆ, ಅವರು ಹಿಂದಿನಿಂದ ಅವನ ತಲೆಯನ್ನೇ ನೋಡುತ್ತಿದ್ದರು. ಅಪ್ಪ ಅದನ್ನು ಗಮನಿಸಿದ. ಅಪ್ಪನ ಕಣ್ಣಿಗೆ ತಲೆಯ ವಿಷಯ ತಪ್ಪುವುದಿಲ್ಲ.

“ಬನ್ನಿ, ಕೂತ್ಕೊಳ್ಳಿ” ಎಂದು ತನ್ನ ಕುರ್ಚಿ ತೋರಿಸಿದ. “ದೂರದಿಂದ ಬಂದಿದೀರಿ. ತಲೆ ನೋಡೋಣ.”

ಅದು ಉಪಚಾರದ ಮಾತಲ್ಲವೆಂದು ನನಗೆ ಗೊತ್ತಿತ್ತು. ಹಿಂದಿನ ದಿನವಷ್ಟೇ ಅಮ್ಮನಿಗೆ, “ಎಂಜಲು ಸುಳ್ಳು ಹೇಳಬಹುದು, ನನ್ನ ಕೈ ಸುಳ್ಳು ಹೇಳಲ್ಲ. ಆ ತಲೆ ಒಂದು ಸಾರಿ ನನ್ನ ಕೈಗೆ ಬರಲಿ” ಎಂದಿದ್ದ. ಅದು ಬೇರೆ ತಲೆ ಎಂದು ತೋರಿಸಿಕೊಡುವ ಆಸೆ ಅವನಿಗೆ.

ಚಿಕ್ಕಪ್ಪ ಟೀ ತರಲು ಹೋದ. ಅಪ್ಪ ಅವರ ತಲೆಗೆ ನೀರು ಚಿಮುಕಿಸಿ ಬಾಚಣಿಗೆ ಇಳಿಸಿದ. ಕತ್ತರಿ ಬಲಗಡೆಯಿಂದ ಹೊರಟು ಹಿಂದಕ್ಕೆ ಬಂತು. ಹಿಂದಲೆಯ ಎಡಗಡೆಗೆ ಬರುವಾಗ ಅಪ್ಪನ ಎಡಗೈ ಹೆಬ್ಬೆರಳು ತಾನಾಗಿಯೇ ಹೋಗಿ ಒಂದು ಕಡೆ ಒತ್ತಿ ಹಿಡಿಯಿತು. ಅವನು ಇನ್ನೂ ನೋಡಿಯೇ ಇರಲಿಲ್ಲ. ಬೆರಳು ಸರಿಸಿ ನೋಡಿದ. ಕತ್ತರಿ ನಿಂತಿತು.

“ಸಿಕ್ತಾ?” ಎಂದರು ಅವರು, ಕನ್ನಡಿಯಲ್ಲಿ ನೋಡುತ್ತಾ. “ಅದೊಂದು ಕಾಟ. ನಮ್ಮಪ್ಪನಿಗೂ ಇತ್ತು. ನಮ್ಮ ತಮ್ಮನಿಗೂ ಇತ್ತು ಅಂತ ಚಿಕ್ಕಮ್ಮ ಈಗ ಹೇಳ್ತಾರೆ. ವಯಸ್ಸಾಗಿದೆ, ಅವರಿಗೆ ಈ ಎಂಜಲಿನ ಲೆಕ್ಕದಲ್ಲಿ ನಂಬಿಕೆ ಇಲ್ಲ. ಮಗಳ ಕಂಪ್ಯೂಟರೂ ಹತ್ತಿರದ ಸಂಬಂಧ ಅಂತಷ್ಟೇ ಹೇಳುತ್ತೆ, ತಮ್ಮ ಅಂತ ಬರೆದಿಲ್ಲ. ಜೋಡಿ ಸುಳಿ ಇದೆಯಾ ನೋಡ್ಕೊಂಡು ಬಾ ಅಂತ ಚಿಕ್ಕಮ್ಮ ಕಳಿಸಿದಾರೆ.”

ಅಪ್ಪ ಕತ್ತರಿಯನ್ನು ಮೇಜಿನ ಮೇಲಿಟ್ಟ.

“ನಾನು ಬಂದಾಗಿಂದ ನೋಡ್ತಾ ಇದೀನಿ, ಕಾಣ್ತಾ ಇಲ್ಲ. ಹೊಸದಾಗಿ ಸಿಕ್ಕ ತಮ್ಮನ ತಲೆ ಹಿಡಿದು ನೋಡೋಕೆ ಅವನೇನು ಸಂತೆಯಲ್ಲಿ ಕೊಳ್ಳೋ ದನವಾ? ಕೇಳಿದ್ರೂ ನೊಂದ್ಕೋತಾನೆ. ನೀವು ಅವನ ತಲೆ ಚಿಕ್ಕಂದಿನಿಂದ ನೋಡಿದೀರಿ. ಇದೆಯಾ?”

“ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ ಬಂದ ದಾರಿಗೆ ಸುಂಕ ಇಲ್ಲ ಅಂತ ಹೋಗ್ತೀನಿ. ಅವನಿಗೆ ಏನೂ ಹೇಳಲ್ಲ. ಫೋನು ಮಾಡೋದನ್ನ ನಿಧಾನಕ್ಕೆ ಕಮ್ಮಿ ಮಾಡ್ತೀನಿ. ನಿಮ್ಮ ಮಾತು ಸಾಕು ನನಗೆ.”

ಬೆಂಚಿನ ಮೇಲೆ ಕೂತಿದ್ದ ನಾನು ಪೇಪರು ಮಡಚಿದೆ. ಅಪ್ಪ ನನ್ನ ಕಡೆ ನೋಡಲಿಲ್ಲ. ಆ ಸುಳಿಯನ್ನು ಮಲಗಿಸಿದವನೇ ಅವನು. ಈಗ ಒಂದು ಮಾತು ಹೇಳಿದರೆ ಸಾಕಿತ್ತು. ಕೋಣೆ, ಕುರ್ಚಿ ಹಾಕುವ ಜಾಗ, ಫೋನಿನ ಅಣ್ಣ, ಎಲ್ಲವೂ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದವು. ಸುಳ್ಳು ಹೇಳಿದನೆಂದು ಯಾರಿಗೂ ತಿಳಿಯುತ್ತಲೂ ಇರಲಿಲ್ಲ, ನನ್ನನ್ನು ಬಿಟ್ಟು. ಅವನು ಹೇಳುತ್ತಾನೆ ಎಂದೇ ನನಗೆ ಅನ್ನಿಸಿತು. ಅಪ್ಪ ಕೈಯಲ್ಲಿದ್ದ ಬಾಚಣಿಗೆಗೆ ಅಂಟಿದ್ದ ಕೂದಲನ್ನು ತೆಗೆದ, ಒಂದೂ ಅಂಟಿಲ್ಲದ ಮೇಲೂ ತೆಗೆಯುತ್ತಲೇ ಇದ್ದ.

ಚಿಕ್ಕಪ್ಪ ಟೀ ಲೋಟಗಳನ್ನು ಹಿಡಿದು ಬಂದ. ಮೊದಲ ಲೋಟವನ್ನು ಅಪ್ಪನ ಮುಂದೆ ಇಟ್ಟ, ಎಂದಿನ ಹಾಗೆ, ಸಕ್ಕರೆ ಇಲ್ಲದ್ದು. ಆಮೇಲೆ ಉಳಿದವರಿಗೆ.

“ಬಾ ಇಲ್ಲಿ” ಎಂದ ಅಪ್ಪ. “ಹಿಂದೆ ಒಂದೆರಡು ಕೂದಲು ಬಿಟ್ಟುಹೋಗಿದೆ. ಕೂತ್ಕೋ.”

“ಈಗ್ಯಾಕಣ್ಣ? ಟೀ ಆರುತ್ತೆ.”

“ಆರಲಿ, ಕೂತ್ಕೊಳ್ಳೋ.”

ಪಕ್ಕದ ಕುರ್ಚಿಯಲ್ಲಿ ಚಿಕ್ಕಪ್ಪ ಕೂತ. ಅಪ್ಪ ಅವನ ಹಿಂದಲೆಗೆ ನೀರು ಚಿಮುಕಿಸಿ, ಮೇಲೆ ಮುಚ್ಚಿದ್ದ ಉದ್ದ ಕೂದಲನ್ನು ಬಾಚಣಿಗೆಯಲ್ಲಿ ಎತ್ತಿ ಹಿಡಿದ. ಕುರ್ಚಿಯನ್ನು ಮೆಲ್ಲಗೆ ಅಣ್ಣನ ಕಡೆ ತಿರುಗಿಸಿದ. ಕೆಳಗೆ ಎರಡನೆಯ ಸುಳಿ ಬಿಚ್ಚಿಕೊಂಡಿತ್ತು, ತಿರುಗುಮುರುಗಾಗಿ.

ಅವರು ನೋಡಿದರು. ಬಟ್ಟೆಯ ಒಳಗಿಂದ ಕೈ ತೆಗೆದು ಕಣ್ಣೊರೆಸಿಕೊಂಡರು. ಮುಖಕ್ಕೆ ಕೂದಲು ಅಂಟಿತು.

“ಏನಾಯ್ತಣ್ಣಾ?” ಎಂದ ಚಿಕ್ಕಪ್ಪ. ಈ ಸಲ ಅಪ್ಪ ಉತ್ತರ ಕೊಡಲಿಲ್ಲ. “ಕಣ್ಣಿಗೆ ಕೂದಲು ಬಿತ್ತು” ಎಂದರು ಅವರು.

“ನೋಡಿಕೊಂಡಿರಲ್ಲ” ಎಂದ ಅಪ್ಪ ಅವರಿಗೆ. “ಇದನ್ನ ಮಲಗಿಸೋಕೆ ನಿಮ್ಮೂರಲ್ಲಿ ಯಾರಿಗೂ ಬರಲ್ಲ.” ದನಿಯಲ್ಲಿ ಸ್ವಲ್ಪವೂ ಮೆತ್ತಗಿನ ಭಾವ ಇರಲಿಲ್ಲ.

ಎರಡು ತಲೆಗಳನ್ನೂ ಮುಗಿಸಿದ. ಕೈಗೆ ಬೇರೆ ರೀತಿ ಗೊತ್ತಿಲ್ಲದ್ದರಿಂದ ಎರಡೂ ಒಂದೇ ಥರ ಆದವು. ಬಟ್ಟೆ ಬಿಚ್ಚಿ ಇಬ್ಬರೂ ಎದ್ದು ನಿಂತಾಗ ಆಗತಾನೇ ಒಳಗೆ ಬಂದ ಮೇಷ್ಟ್ರು, “ಅಯ್ಯೋ, ಅಚ್ಚಿಗೆ ಹಾಕಿ ತೆಗೆದ ಹಾಗಿದೆಯಲ್ರೀ” ಎಂದರು. ಅದು ನಿಜವಾಗಿತ್ತು. ಅಪ್ಪ ಪೊರಕೆ ತೆಗೆದುಕೊಂಡು ಗುಡಿಸಲು ಶುರು ಮಾಡಿದ. ಎಂದೂ ಅವನು ಗುಡಿಸಿದವನಲ್ಲ, ಅದು ಚಿಕ್ಕಪ್ಪನ ಕೆಲಸ.

ಅಣ್ಣನನ್ನು ಬಸ್ಸು ಹತ್ತಿಸಿ ಬಂದ ಮೇಲೆ ಚಿಕ್ಕಪ್ಪ ಬಾಗಿಲಲ್ಲೇ ನಿಂತ.

“ಹೋಗಲಾ ಅಣ್ಣಾ?”

ಅಪ್ಪ ತುಂಬಾ ಹೊತ್ತು ಕನ್ನಡಿ ಒರೆಸಿದ. ಆಮೇಲೆ ಹೇಳಿದ: “ಮೊದಲು ಆ ಮರದಲ್ಲಿ ಹಾಕಿದಾರಲ್ಲ, ಮಷೀನು ಹೊಡೆಸಿಕೊಂಡ ಫೋಟೋ, ಅದನ್ನ ತೆಗೆಸು. ನೋಡಿದವರು ಏನಂದ್ಕೋತಾರೆ? ಈಗಿನದು ತೆಗೆದು ಹಾಕು. ಹಿಂದಿನಿಂದಲೂ ಒಂದು ತೆಗಿ.”

ಫೋಟೋ ನಾನೇ ತೆಗೆದೆ, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಆ ಹುಡುಗಿ ಎರಡನ್ನೂ ಹಾಕಿದ್ದಾಳೆ. ಆ ಮರದಲ್ಲಿ ಅಪ್ಪ ಇಲ್ಲ, ಈಗಲೂ ಇಲ್ಲ.

ಚಿಕ್ಕಪ್ಪ ಹೋಗಿದ್ದಾನೆ. ಪಕ್ಕದ ಕುರ್ಚಿಗೆ ಅಪ್ಪ ಬಟ್ಟೆ ಹೊದಿಸಿಟ್ಟಿದ್ದಾನೆ, ಗಿರಾಕಿ ಎಷ್ಟೇ ಇದ್ದರೂ ಯಾರನ್ನೂ ಅಲ್ಲಿ ಕೂರಿಸುವುದಿಲ್ಲ. ತನ್ನ ಕೂದಲು ಕಿವಿ ಮುಚ್ಚಿದರೂ ಬೇರೆಯವರ ಹತ್ತಿರ ಹೋಗುವುದಿಲ್ಲ. “ಸನ್ಯಾಸಿ ಆಗ್ತೀರಾ?” ಎಂದು ಅಮ್ಮ ಕೇಳಿದರೆ, “ಅವನು ಬರ್ತಾನಲ್ಲ” ಎನ್ನುತ್ತಾನೆ. ಬರುತ್ತಾನೆ, ತಿಂಗಳಿಗೊಂದು ರಜೆಯ ದಿನ, ಮೊದಲ ಬಸ್ಸಿಗೆ. ಬಾಗಿಲನ್ನು ಅರ್ಧ ಎಳೆದುಕೊಳ್ಳುತ್ತಾರೆ. ಚಿಕ್ಕಪ್ಪ ಊರಿನ ಸುದ್ದಿ ಹೇಳಲು ಬಾಯಿ ತೆರೆಯುವ ಮುಂಚೆಯೇ ಅಪ್ಪ ಅವನ ಭುಜ ಹಿಡಿದು ಬೆಳಕಿನ ಕಡೆ ತಿರುಗಿಸುತ್ತಾನೆ. ಕಾಲರು ಕೆಳಗೆಳೆದು ಹೆಡಕನ್ನು ನೋಡುತ್ತಾನೆ, ಆಮೇಲೆ ಹೆಬ್ಬೆರಳಿಟ್ಟು ಸುಳಿಯನ್ನು ನೋಡುತ್ತಾನೆ.

“ಅಲ್ಲಿ ಯಾರೂ ಕೈ ಹಾಕಿಲ್ಲ ತಾನೆ?”

“ಇಲ್ಲಣ್ಣ.”

“ಕೂತ್ಕೋ ಹಾಗಾದ್ರೆ.”